ದ್ವೀಪದ ರಜೆಯಲ್ಲಿ ರಾತ್ರಿ ಸ್ನಾರ್ಕೆಲಿಂಗ್: ಕತ್ತಲಾದ ಮೇಲೆ ನೀರಿಗಿಳಿಯಬಹುದೇ?

ಅಲೆಯಂಚು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನೂ ನನ್ನ ಪತಿಯೂ ಹಿಂದೂ ಮಹಾಸಾಗರದ ಒಂದು ಸಣ್ಣ ದ್ವೀಪದಲ್ಲಿ ಆರು ದಿನ ಇರಲಿದ್ದೇವೆ. ಉಳಿದುಕೊಳ್ಳುವ ಜಾಗದ ಎದುರಿಗೇ, ದಡದಿಂದ ನಲವತ್ತು ಐವತ್ತು ಮೀಟರ್ ದೂರದಲ್ಲಿ ಹವಳದ ದಿಬ್ಬವಿದೆಯಂತೆ. ಹಗಲಿನ ಸ್ನಾರ್ಕೆಲಿಂಗ್ (ಮಾಸ್ಕ್ ಹಾಕಿ, ಬಾಯಲ್ಲಿ ಉಸಿರುಕೊಳವೆ ಕಚ್ಚಿ, ಮುಖ ಕೆಳಗೆ ಮಾಡಿ ತೇಲುತ್ತ ನೋಡುವುದು) ನಮಗೆ ಹೊಸತಲ್ಲ. ಇಬ್ಬರಿಗೂ ಈಜು ಬರುತ್ತದೆ, ಕೊಳವೆಗೆ ನೀರು ನುಗ್ಗಿದರೆ ಊದಿ ಹೊರಹಾಕುವುದೂ ಗೊತ್ತಿದೆ. ರಾತ್ರಿ ನೀರಿಗಿಳಿದದ್ದು ಮಾತ್ರ ಒಂದೇ ಒಂದು ಬಾರಿ, ಅದೂ ಚೆನ್ನಾಗಿರಲಿಲ್ಲ.

ಮೂರು ವರ್ಷಗಳ ಹಿಂದೆ ಇನ್ನೊಂದು ದ್ವೀಪದಲ್ಲಿ (ಕರೆದೊಯ್ದವರ ಹೆಸರು ಇಲ್ಲಿ ಬೇಡ) ಹದಿನಾಲ್ಕು ಜನರನ್ನು ಒಬ್ಬನೇ ಗೈಡ್ ದೋಣಿಯಿಂದ ನೀರಿಗಿಳಿಸಿದ. ಹತ್ತು ನಿಮಿಷವಾಗುವಷ್ಟರಲ್ಲಿ ನನಗೆ ಕೊಟ್ಟಿದ್ದ ಟಾರ್ಚ್ ಮಂಕಾಗಿ ಆರಿಹೋಯಿತು. ತಲೆ ಎತ್ತಿ ನೋಡಿದರೆ ಸುತ್ತಲೂ ಅಲುಗಾಡುವ ಬೆಳಕುಗಳು, ಅವುಗಳಲ್ಲಿ ಪತಿಯದು ಯಾವುದೆಂದು ತಿಳಿಯುವ ದಾರಿಯಿರಲಿಲ್ಲ. ಕೂಗಿದರೆ ಕೇಳಿಸುವುದು ಹೇಗೆ, ಎಲ್ಲರ ಕಿವಿಯೂ ನೀರೊಳಗೆ! ದೋಣಿಯ ದೀಪ ಕಂಡದ್ದರಿಂದ ಅತ್ತ ಈಜಿದೆ. ದೋಣಿ ಹೊರಡುವ ಮುನ್ನ ಯಾರೂ ತಲೆ ಎಣಿಸಲಿಲ್ಲ ಎಂಬುದು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ಆದರೂ ಆ ಹತ್ತು ನಿಮಿಷದಲ್ಲಿ ಕಂಡದ್ದನ್ನು ಮರೆಯಲಾಗುತ್ತಿಲ್ಲ. ಈ ಬಾರಿ ಸರಿಯಾಗಿ ಮಾಡಬೇಕೆಂಬ ಆಸೆಯಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉಪ್ಪುನೀರು

ಮೇಡಂ, ಹೋಗಬಹುದು. ನಾನು ಕೆಲವು ವರ್ಷ ಇದೇ ಕೆಲಸ ಮಾಡಿಕೊಂಡಿದ್ದವನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ರಾತ್ರಿ ನೋಡುವ ಜಾಗವನ್ನು ಹಗಲಿನಲ್ಲಿ ಎರಡು ಸಲವಾದರೂ ಈಜಿ ನೋಡಿರಬೇಕು. ಎಲ್ಲಿ ಮರಳಿನ ಹಾದಿಯಿದೆ, ಎಲ್ಲಿ ಹವಳವು ಮೊಣಕಾಲುದ್ದದ ನೀರಿಗೆ ಏರಿಬಂದಿದೆ, ಸೆಳೆತ ಯಾವ ಕಡೆಗೆ ಎಳೆಯುತ್ತದೆ ಎಂಬುದು ಕಾಲಿಗೆ ತಿಳಿದಿರಬೇಕು. ಕತ್ತಲಲ್ಲಿ ಕಣ್ಣು ಕೈಕೊಟ್ಟಾಗ ಆಸರೆಯಾಗುವುದು ಆ ನೆನಪೇ. ಎದುರಿಗೇ ದಿಬ್ಬವಿರುವುದು ನಿಮ್ಮ ಅದೃಷ್ಟ. ದೋಣಿಯ ಗೊಡವೆಯಿಲ್ಲ, ಹದಿನಾಲ್ಕು ಜನರ ಗುಂಪೂ ಇಲ್ಲ. ಆದರೆ ಇಬ್ಬರೇ ಇಳಿಯಬೇಡಿ. ಆ ದಿಬ್ಬವನ್ನು ಬಲ್ಲ ಗೈಡ್ ಒಬ್ಬರನ್ನು ಕರೆದುಕೊಳ್ಳಿ, ಒಬ್ಬ ಗೈಡಿಗೆ ನಾಲ್ವರಿಗಿಂತ ಹೆಚ್ಚು ಜನರಿದ್ದರೆ ಒಪ್ಪಬೇಡಿ. ದಡದಲ್ಲಿಯೂ ಒಬ್ಬರು ಗಡಿಯಾರ ನೋಡುತ್ತ ಕುಳಿತಿರಲಿ.

ಟಾರ್ಚ್ ವಿಷಯ. ತಲೆಗೆರಡರಂತೆ ಬೇಕು, ಒಂದು ಕೈಯಲ್ಲಿ, ಇನ್ನೊಂದು ಮಣಿಕಟ್ಟಿಗೆ ದಾರದಿಂದ ಕಟ್ಟಿದ್ದು. ಮುನ್ನೂರರಿಂದ ಐನೂರು ಲೂಮೆನ್ (ಬೆಳಕಿನ ಅಳತೆ) ಧಾರಾಳವಾಯಿತು. ಹಣೆಗೆ ಕಟ್ಟುವ ದೀಪ ಬೇಡವೇ ಬೇಡ. ನೀವು ಪತಿಯ ಕಡೆ ತಿರುಗಿದಾಗಲೆಲ್ಲ ಅವರ ಕಣ್ಣು ಕುರುಡಾಗುತ್ತದೆ. ಟಾರ್ಚನ್ನು ಮುಖದ ಪಕ್ಕದಲ್ಲಿ ಹಿಡಿಯುವುದಕ್ಕಿಂತ ತೋಳು ಚಾಚಿ ಸ್ವಲ್ಪ ಓರೆಯಾಗಿ ಹಿಡಿದರೆ ನೀರಿನ ಕಣಗಳಿಗೆ ಬಡಿದ ಬೆಳಕು ಕಣ್ಣಿಗೆ ಮರಳುವುದು ಕಡಿಮೆಯಾಗಿ ತಳ ಸ್ವಚ್ಛವಾಗಿ ಕಾಣುತ್ತದೆ. ತಳದ ಮೇಲೆ ಬೆಳಕಿನಿಂದ ನಿಧಾನವಾಗಿ ವೃತ್ತ ಬರೆದರೆ ‘ಎಲ್ಲ ಸರಿ’ ಎಂದರ್ಥ; ಅಗಲವಾಗಿ, ವೇಗವಾಗಿ ಅತ್ತಿತ್ತ ಬೀಸಿದರೆ ‘ತೊಂದರೆಯಿದೆ, ಇಲ್ಲಿ ಬನ್ನಿ’ ಎಂದರ್ಥ.

ನಿಮ್ಮ ಹಳೆಯ ಸಮಸ್ಯೆಗೆ, ಅಂದರೆ ಯಾರ ಬೆಳಕು ಯಾರದೆಂಬ ಗೊಂದಲಕ್ಕೆ ಉಪಾಯ ಸುಲಭವಾಗಿದೆ. ಸ್ನಾರ್ಕೆಲ್ಲಿನ ತುದಿಗೆ ಬೇರೆ ಬೇರೆ ಬಣ್ಣದ ಪುಟ್ಟ ದೀಪ ಕಟ್ಟಿಕೊಳ್ಳಿ. ನಿಮ್ಮದು ಹಸಿರು, ಅವರದು ನೀಲಿ, ಗೈಡಿನದು ಇನ್ನೊಂದು. ಟಾರ್ಚ್ ಆರಿದರೂ ತಲೆ ಎಲ್ಲಿದೆ ಎಂಬುದು ಗೊತ್ತಾಗುತ್ತದೆ.

ಮರಳಲು ದಡದಲ್ಲಿ ಒಂದಲ್ಲ, ಎರಡು ದೀಪಗಳನ್ನು ಇಡಿಸಿ. ಒಂದು ನೀರಂಚಿನ ಬಳಿ ತಗ್ಗಿನಲ್ಲಿ, ಇನ್ನೊಂದು ಅದರ ಹಿಂದೆ ಎತ್ತರದಲ್ಲಿ. ಎರಡೂ ಒಂದರ ಮೇಲೊಂದು ನಿಂತಂತೆ ಕಂಡರೆ ನೀವು ಮರಳಿನ ಹಾದಿಯಲ್ಲಿದ್ದೀರಿ, ಅಕ್ಕಪಕ್ಕ ಸರಿದಿದ್ದರೆ ಸೆಳೆತ ನಿಮ್ಮನ್ನು ಒಯ್ದಿದೆ ಎಂದು ತಿಳಿಯಿರಿ. ಬಂದರಿನ ದೋಣಿಗಳು ನಡೆಯುವುದೂ ಇದೇ ಲೆಕ್ಕದಲ್ಲಿ.

ದೂರ ಹೋಗುವ ಹಂಬಲವನ್ನೂ ಬಿಡಿ. ಹಗಲಿನಲ್ಲಿ ನೂರು ಮೀಟರ್ ಸುತ್ತುವವರು ರಾತ್ರಿ ಎರಡು ಹಾಸಿಗೆಯಷ್ಟು ಜಾಗದ ಮೇಲೆ ತೇಲುತ್ತ ನಲವತ್ತು ನಿಮಿಷ ಕಳೆದರೆ ಹೆಚ್ಚು ಕಾಣುತ್ತಾರೆ. ಕಾಲಿನ ಫಿನ್ (ಈಜುರೆಕ್ಕೆ) ಬಡಿಯದೆ ಸುಮ್ಮನೆ ತೇಲಿಕೊಂಡಿದ್ದರೆ ಹವಳವೇ ಬದಲಾದಂತೆ ಅನಿಸುತ್ತದೆ. ಹಗಲು ಕಲ್ಲಿನಂತೆ ಬರಿದಾಗಿದ್ದ ಮೇಲ್ಮೈಯ ಪ್ರತಿ ರಂಧ್ರದಿಂದಲೂ ಸಾಸಿವೆಯಷ್ಟು ಹೂವಿನಂಥ ಪಾಲಿಪ್‌ಗಳು, ಅಂದರೆ ಹವಳದ ಪುಟ್ಟ ಜೀವಿಗಳು, ಎಳೆಗಳನ್ನು ಚಾಚಿಕೊಂಡು ತೇಲಿಬರುವ ಪ್ಲ್ಯಾಂಕ್ಟನ್ ಎಂಬ ಸಣ್ಣ ಸಣ್ಣ ಜೀವಿಗಳನ್ನು ಹಿಡಿಯುತ್ತಿರುತ್ತವೆ. ಇಡೀ ದಿಬ್ಬಕ್ಕೆ ನಯವಾದ ರೋಮ ಹುಟ್ಟಿದಂತಿರುತ್ತದೆ.

ನಿಧಾನಿ

ಉಪ್ಪುನೀರು ಅವರು ಬರೆದದ್ದೆಲ್ಲ ಸರಿಯೇ, ಆದರೆ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಹಾಕುವವನು ನಾನಾಗುತ್ತೇನೆ. ಹವಾಯಿಯಲ್ಲಿ ಪ್ರವಾಸಿಗರು ಮುಳುಗಿ ಸಾಯುವ ಪ್ರಸಂಗಗಳಲ್ಲಿ ಸ್ನಾರ್ಕೆಲಿಂಗಿನದೇ ಮೊದಲ ಸ್ಥಾನ. ಅದಕ್ಕೆ ಮುಖ್ಯ ಕಾರಣ ಅಲೆಯಲ್ಲ, ಶಾರ್ಕ್ ಅಂತೂ ಅಲ್ಲವೇ ಅಲ್ಲ. ಸ್ನಾರ್ಕೆಲಿಂಗಿನಲ್ಲಿ ತೊಂದರೆ ಸದ್ದಿಲ್ಲದೆ ಬರುತ್ತದೆ. ಮುಖ ಕೆಳಗೆ ಮಾಡಿ ನೆಮ್ಮದಿಯಿಂದ ಮೀನು ನೋಡುತ್ತಿರುವವರೂ, ಪ್ರಜ್ಞೆ ತಪ್ಪಿ ತೇಲುತ್ತಿರುವವರೂ ದಡದಿಂದ ನೋಡಿದರೆ ಒಂದೇ ರೀತಿ ಕಾಣುತ್ತಾರೆ. ಹಗಲಿನಲ್ಲಿಯೇ ಹೀಗಾದರೆ ರಾತ್ರಿಯ ಪಾಡನ್ನು ಊಹಿಸಿಕೊಳ್ಳಿ.

ಆದ್ದರಿಂದ ಹೃದಯ ಅಥವಾ ಉಸಿರಾಟದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಮದ್ಯ ಕುಡಿದವರು ಇಳಿಯಲೇಬಾರದು. ರಜೆಯ ಸಂಜೆಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಉಸಿರು ಕಟ್ಟಿದಂತೆ ಅನಿಸಿದ ಕ್ಷಣದಲ್ಲೇ ಈಜುವುದನ್ನು ನಿಲ್ಲಿಸಿ, ಬೆನ್ನ ಮೇಲೆ ತಿರುಗಿ, ಮಾಸ್ಕ್ ತೆಗೆದು, ಸಂಗಾತಿಗೆ ಸೂಚನೆ ಕೊಡಬೇಕು. ತೇಲಲು ನೆರವಾಗುವ ಜಾಕೆಟ್ ಹಾಕಿಕೊಳ್ಳಲು ನಾಚಿಕೆ ಬೇಡ. ಕತ್ತಲಲ್ಲಿ ಕ್ಷಿತಿಜ ಕಾಣದೆ ಅಲೆಯ ಮೇಲೆ ಓಲಾಡುವಾಗ ಕೆಲವರಿಗೆ ತಲೆ ಸುತ್ತಿ ವಾಕರಿಕೆ ಬರುತ್ತದೆ, ಅಂಥವರಿಗೂ ಹಿಡಿದುಕೊಳ್ಳಲು ಏನಾದರೂ ಇದ್ದರೆ ಒಳ್ಳೆಯದು. ಬೆಚ್ಚಗಿನ ಸಮುದ್ರವೆಂದು ಮೈಮರೆಯಲೂಬಾರದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಸೆಳೆಯುತ್ತದೆ, ರಾತ್ರಿ ಬೆನ್ನಿಗೆ ಬಿಸಿಲೂ ಇರುವುದಿಲ್ಲ. ತೆಳುವಾದ ವೆಟ್‌ಸೂಟ್ (ಮೈಗಂಟುವ ರಬ್ಬರಿನ ಈಜುಡುಪು) ಚಳಿಯನ್ನೂ ತಡೆಯುತ್ತದೆ, ಕುಟುಕುವ ಜೀವಿಗಳನ್ನೂ ತಕ್ಕಮಟ್ಟಿಗೆ ತಡೆಯುತ್ತದೆ.

ಶಂಖಪಾಣಿ

ನಾನು ಸಮುದ್ರಜೀವಿಗಳನ್ನು ಓದಿಕೊಂಡವನು. ಮೇಲಿನ ಇಬ್ಬರೂ ಮನುಷ್ಯರ ಕ್ಷೇಮವನ್ನು ನೋಡಿಕೊಂಡಿದ್ದಾರೆ, ಆದ್ದರಿಂದ ನಾನು ಕೆಳಗಿರುವವರ ಪರವಾಗಿ ಮಾತನಾಡುತ್ತೇನೆ.

ಉಪ್ಪುನೀರು ಅವರು ಹೇಳಿದ ದಡದ ಎರಡು ದೀಪಗಳ ಬಗ್ಗೆ ನನ್ನದೊಂದು ತಕರಾರಿದೆ. ಆಮೆಗಳು ಮೊಟ್ಟೆಯಿಡುವ ದಡವಾಗಿದ್ದರೆ ಬಿಳಿಯ ದೀಪ ಅಲ್ಲಿ ದೊಡ್ಡ ಅನಾಹುತ. ಮರಿಗಳು ಮರಳಿನಿಂದ ಹೊರಬಂದಾಗ ಬೆಳಕಿರುವ ಕಡೆಯೇ ಕಡಲು ಎಂದು ನಂಬಿ ನಡೆಯುತ್ತವೆ, ದೀಪ ಕಂಡರೆ ನೀರು ಬಿಟ್ಟು ಅತ್ತ ಹೋಗಿ ಬೆಳಗಿನ ಹೊತ್ತಿಗೆ ಒಣಗಿ ಸಾಯುತ್ತವೆ. ಮೊದಲು ಆ ದ್ವೀಪದವರನ್ನು ಕೇಳಿ. ಆಮೆಗಳ ಕಾಲವಾಗಿದ್ದರೆ ಕೆಂಪು ಅಥವಾ ಕಡು ಕಿತ್ತಳೆ ಬಣ್ಣದ ಮಂದ ದೀಪವನ್ನು, ನೀರಿನ ಕಡೆಗೆ ಮಾತ್ರ ಕಾಣುವಂತೆ ಮರೆಮಾಡಿ, ನೀವು ನೀರಿನಲ್ಲಿರುವಷ್ಟು ಹೊತ್ತು ಮಾತ್ರ ಇರಿಸಿ.

ಎರಡನೆಯದು ನಿಮ್ಮ ಟಾರ್ಚ್. ದಿಬ್ಬದ ಬಿರುಕಿನಲ್ಲಿ ಮಲಗಿದ ಮೀನಿನ ಮೇಲೆ ನೀವು ಬೆಳಕು ನಿಲ್ಲಿಸಿದರೆ ಅದನ್ನು ನೋಡುವವರು ನೀವೊಬ್ಬರೇ ಅಲ್ಲ. ಲಯನ್ ಫಿಶ್‌ನಂಥ ಬೇಟೆಗಾರ ಮೀನುಗಳು ಮನುಷ್ಯರ ದೀಪವನ್ನು ಹಿಂಬಾಲಿಸಿ ಬೇಟೆಯಾಡುವುದನ್ನು ಕಲಿತುಬಿಟ್ಟಿವೆ. ಕೆರಿಬಿಯನ್ನಿನ ಬೊನೇರ್ ದ್ವೀಪದಲ್ಲಿ ಮನುಷ್ಯನುದ್ದದ ಟಾರ್ಪನ್ ಮೀನುಗಳು ಈಜುಗಾರರ ಭುಜದ ಪಕ್ಕದಲ್ಲೇ ಸಾಗಿಬಂದು, ಟಾರ್ಚ್ ತೋರಿಸಿದ ಮೀನನ್ನು ನುಂಗಿ ಹೋಗುವುದು ಅಲ್ಲಿನವರಿಗೆಲ್ಲ ಗೊತ್ತಿರುವ ಸಂಗತಿ. ಯಾರನ್ನು ಕೊಲ್ಲಿಸುತ್ತಿದ್ದೇವೆ ಎಂಬುದು ತಿಳಿಯದೆಯೇ ನಾವು ಬೆರಳು ತೋರಿಸಿದಂತಾಗುತ್ತದೆ. ಒಂದು ಜೀವಿಯ ಮೇಲೆ ಕೆಲವೇ ಕ್ಷಣ ಬೆಳಕು ಬಿಡಿ, ಅದೂ ಬೆಳಕಿನ ನಟ್ಟನಡುವಲ್ಲ, ಅಂಚು ಮಾತ್ರ. ಕೆಂಪು ಬೆಳಕಿನ ಸೌಲಭ್ಯವಿರುವ ಟಾರ್ಚ್ ಸಿಕ್ಕರೆ ಇನ್ನೂ ಒಳ್ಳೆಯದು, ದಿಬ್ಬದ ಎಷ್ಟೋ ಜೀವಿಗಳ ಕಣ್ಣಿಗೆ ಕೆಂಪು ಅಷ್ಟಾಗಿ ತಟ್ಟುವುದಿಲ್ಲ. ಮಲಗಿರುವ ಆಮೆಯ ಮುಖಕ್ಕಂತೂ ಯಾವ ಬೆಳಕೂ ಬೇಡ.

ಇಷ್ಟು ಹೇಳಿದ ಮೇಲೆ, ನೋಡಲೇಬೇಕಾದ್ದೊಂದನ್ನೂ ಹೇಳುತ್ತೇನೆ. ಹಗಲೆಲ್ಲ ಹವಳ ಕಡಿಯುತ್ತ ಕಟಕಟ ಸದ್ದು ಮಾಡುವ ಗಿಳಿಮೀನುಗಳಲ್ಲಿ ಕೆಲವು ಜಾತಿಯವು ರಾತ್ರಿ ತಮ್ಮ ಸುತ್ತ ಲೋಳೆಯ ಪೊರೆಯೊಂದನ್ನು ಊದಿಕೊಂಡು ಅದರೊಳಗೆ ಮಲಗುತ್ತವೆ. ಲೋಳೆಯನ್ನು ಒಸರುವ ಗ್ರಂಥಿಗಳು ಕಿವಿರಿನ ಬಳಿ ಇವೆ. ವಾಸನೆ ಹಿಡಿದು ಬರುವ ಬೇಟೆಗಾರರಿಂದ ಮರೆಯಾಗಲೆಂದೇ ಈ ಪೊರೆ ಎಂದು ಬಹುಕಾಲ ಭಾವಿಸಲಾಗಿತ್ತು. ರಾತ್ರಿ ರಕ್ತ ಹೀರಲು ಬರುವ ನೇತಿಡ್ ಎಂಬ ಪುಟ್ಟ ಪರಾವಲಂಬಿಗಳನ್ನು ಅದು ತಡೆಯುತ್ತದೆ ಎಂಬುದು ಆಮೇಲೆ ಪ್ರಯೋಗದಿಂದ ತಿಳಿದುಬಂತು. ಮೀನಿನ ಸೊಳ್ಳೆಪರದೆ ಎನ್ನಿ. ಅದನ್ನು ಕೆಡಿಸಿದರೆ ಆ ರಾತ್ರಿ ಮತ್ತೆ ಹೊಲಿದುಕೊಳ್ಳುವುದು ಅದಕ್ಕೆ ದುಬಾರಿ.

ಮುಟ್ಟಬಾರದವುಗಳ ಬಗ್ಗೆ ಬೇರೆ ಬೇರೆ ಎಚ್ಚರಿಕೆ ಬೇಡ. ಏನನ್ನೂ ಮುಟ್ಟಬಾರದು, ಎಲ್ಲಿಯೂ ಕಾಲೂರಬಾರದು. ಹಗಲು ಬಿರುಕಿನಲ್ಲಿ ಅಡಗಿದ್ದ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳು ರಾತ್ರಿ ಬಯಲಿಗೆ ಬಂದು ಮೇಯುತ್ತಿರುತ್ತವೆ. ಅಂದದ ಕೋನ್ ಶಂಖವೂ ರಾತ್ರಿಯೇ ಬೇಟೆಗೆ ಹೊರಡುತ್ತದೆ, ಅದರ ಕೆಲವು ಜಾತಿಗಳ ವಿಷ ಮನುಷ್ಯನನ್ನು ಕೊಲ್ಲಬಲ್ಲದು. ಲಯನ್ ಫಿಶ್ ಅಥವಾ ಕಲ್ಲುಮೀನಿನ ಮುಳ್ಳು ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಆ ಭಾಗವನ್ನು ಮುಳುಗಿಸಿಟ್ಟು ಕೂಡಲೇ ವೈದ್ಯರ ಬಳಿ ಹೋಗಬೇಕು.

ಚೌತಿಚಂದ್ರ

ಯಾವ ರಾತ್ರಿ ಇಳಿಯಬೇಕೆಂದು ಇನ್ನೂ ಯಾರೂ ಹೇಳಿಲ್ಲ, ಆದ್ದರಿಂದ ನಾನು ಸೇರಿಸುತ್ತೇನೆ. ಹುಣ್ಣಿಮೆಯಂದು ದಾರಿ ಚೆನ್ನಾಗಿ ಕಾಣುತ್ತದೆ, ಆದರೆ ನೀರಿನ ಮಿನುಗು (ನೀರು ಕಲಕಿದಾಗ ಅದರಲ್ಲಿರುವ ಸೂಕ್ಷ್ಮಜೀವಿಗಳು ಹೊಳೆಯುವುದು) ಕಾಣುವುದಿಲ್ಲ. ಅಮಾವಾಸ್ಯೆಯಂದು ಮಿನುಗು ಚೆನ್ನ. ಎರಡೂ ದಿನಗಳ ಆಸುಪಾಸಿನಲ್ಲಿ ಭರತ ಇಳಿತಗಳ ಅಂತರ ಹೆಚ್ಚಿರುವುದರಿಂದ ಸೆಳೆತ ಬಲವಾಗಿರುತ್ತದೆ, ಇಳಿತದಲ್ಲಿ ಹವಳದ ಮೇಲೆ ಹೊಟ್ಟೆ ತಾಗುವಷ್ಟು ನೀರು ಕಡಿಮೆಯಾಗುವುದೂ ಉಂಟು. ಅಷ್ಟಮಿಯ ಹತ್ತಿರ ಸಮುದ್ರ ಸೌಮ್ಯವಾಗಿರುತ್ತದೆ. ನನಗೆ ಇಷ್ಟವಾದದ್ದು ಹುಣ್ಣಿಮೆ ಕಳೆದು ನಾಲ್ಕೈದು ದಿನಗಳ ನಂತರದ ಸಂಜೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವುದರಿಂದ ಸೂರ್ಯ ಮುಳುಗಿದ ಮೇಲೆ ಮೂರು ಗಂಟೆಯಷ್ಟು ಹೊತ್ತು ಗಟ್ಟಿಯಾದ ಕತ್ತಲು ಸಿಗುತ್ತದೆ. ಯಾವ ದಿನವಾದರೂ ಭರತ ತುಂಬಿ ನೀರು ನಿಂತಿರುವ ಹೊತ್ತನ್ನು ನೋಡಿಕೊಂಡು ಇಳಿಯಿರಿ.

ಚಂದ್ರನ ಲೆಕ್ಕದ ಮೇಲೆಯೇ ಬದುಕುವ ಜೀವಿಗಳೂ ಇವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ವಸಂತದ ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಅನೇಕ ಜಾತಿಯ ಹವಳಗಳು ಒಟ್ಟಾಗಿ ಮೊಟ್ಟೆ, ವೀರ್ಯಗಳನ್ನು ನೀರಿಗೆ ಬಿಡುತ್ತವೆ. ಇದನ್ನು ವಿಜ್ಞಾನಿಗಳು 1981ರಲ್ಲಿ ಮ್ಯಾಗ್ನೆಟಿಕ್ ದ್ವೀಪದ ಬಳಿ ಮೊದಲು ಗಮನಿಸಿದರು. ಹವಾಯಿಯ ಒವಾಹು ದ್ವೀಪದ ವೈಕಿಕಿ ಕಡೆಯ ದಡಗಳಿಗೆ ಬಾಕ್ಸ್ ಜೆಲ್ಲಿ ಮೀನುಗಳು ಹುಣ್ಣಿಮೆಯ ನಂತರದ ಎಂಟರಿಂದ ಹತ್ತನೆಯ ದಿನಗಳಲ್ಲಿ ತಪ್ಪದೆ ಬರುತ್ತವೆ, ಆಗ ಅಲ್ಲಿ ಎಚ್ಚರಿಕೆಯ ಫಲಕ ಹಾಕುತ್ತಾರೆ. ನಿಮ್ಮ ದ್ವೀಪದ ಜೆಲ್ಲಿ ಮೀನುಗಳ ದಿನಚರಿಯನ್ನು ಅಲ್ಲಿಯವರಿಂದಲೇ ಕೇಳಿ ತಿಳಿದುಕೊಳ್ಳಬೇಕು.

ನಿಧಾನಿ

ಹಾಗಾದರೆ ಹವಾಯಿಯ ಕೋನಾದಲ್ಲಿ ದೊಡ್ಡ ದೀಪ ಹಾಕಿ ಮಾಂಟಾ ಎಂಬ ಭಾರೀ ತೊರಕೆ ಮೀನನ್ನು ತೋರಿಸುವ ವ್ಯವಹಾರದ ಬಗ್ಗೆ ಶಂಖಪಾಣಿಯವರು ಏನು ಹೇಳುತ್ತಾರೆ? ನಾನದನ್ನು ನೋಡಿದ್ದೇನೆ. ನೋಡಲು ಅದ್ಭುತವೇ, ಆದರೆ ಆ ರಾತ್ರಿ ನೀರಿನಲ್ಲಿ ಮಾಂಟಾಗಳಿಗಿಂತ ಮನುಷ್ಯರೇ ಹತ್ತು ಪಟ್ಟು ಇದ್ದರು.

ಶಂಖಪಾಣಿ

ಅಲ್ಲಿ ದೀಪಕ್ಕೆ ಬರುವುದು ಮಾಂಟಾ ಅಲ್ಲ, ಪ್ಲ್ಯಾಂಕ್ಟನ್. ಮಳೆಗಾಲದ ಮೊದಲ ಸಂಜೆ ದೀಪಕ್ಕೆ ಈಸುಳ್ಳೆ ಮುತ್ತುವಂತೆ ಅವು ಮುತ್ತುತ್ತವೆ, ಅವುಗಳನ್ನು ತಿನ್ನಲು ಮಾಂಟಾ ಬರುತ್ತದೆ. ದಡದ ಹೋಟೆಲೊಂದು 1970ರ ದಶಕದಲ್ಲಿ ಸಮುದ್ರದ ಕಡೆ ದೀಪ ಬೆಳಗಿಸಿದ್ದರಿಂದ ಈ ನೋಟ ಶುರುವಾಯಿತು. ತೊರಕೆ ಮೀನಿನ ಬಳಗದ್ದಾದರೂ ಮಾಂಟಾಕ್ಕೆ ಬಾಲದ ವಿಷಮುಳ್ಳಿಲ್ಲ. ಜನ ತೇಲುವ ಹಲಗೆ ಹಿಡಿದು ಮೇಲೆಯೇ ಇದ್ದು, ಕೈ ಕಾಲು ಕೆಳಗೆ ಬಿಡದೆ, ಮುಟ್ಟದೆ ನೋಡುವ ಕ್ರಮ ಒಳ್ಳೆಯದೇ. ಜನರ ಸಂಖ್ಯೆ ಮಿತಿ ಮೀರುತ್ತಿದೆ ಎಂಬ ನಿಮ್ಮ ಮಾತನ್ನು ನಾನೂ ಒಪ್ಪುತ್ತೇನೆ. ಒಂದೆಡೆ ನಿಲ್ಲಿಸಿದ ದೀಪಕ್ಕೂ ಮಲಗಿದ ಮೀನನ್ನು ಬೆನ್ನಟ್ಟುವ ಟಾರ್ಚಿಗೂ ವ್ಯತ್ಯಾಸವಿದೆ ಎಂಬುದಷ್ಟೇ ನನ್ನ ವಾದ.

ಉಪ್ಪುನೀರು

ದಡದ ದೀಪದ ವಿಷಯದಲ್ಲಿ ಶಂಖಪಾಣಿಯವರ ತಿದ್ದುಪಡಿ ಸರಿಯಾಗಿದೆ. ನಾವು ಕೆಲಸ ಮಾಡುತ್ತಿದ್ದ ಕಡೆ ಆಮೆಗಳು ಬರುತ್ತಿರಲಿಲ್ಲ, ಹಾಗಾಗಿ ಅದು ಹೊಳೆಯಲಿಲ್ಲ.

ಮೇಡಂ, ಇನ್ನೊಂದು ಮಾತು. ಕತ್ತಲಾದ ಮೇಲೆ ಇಳಿಯುವುದಕ್ಕಿಂತ ಸೂರ್ಯ ಮುಳುಗುವ ಕಾಲು ಗಂಟೆ ಮೊದಲೇ ನೀರಿನಲ್ಲಿರಿ. ಉಷ್ಣವಲಯದಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಮುಸ್ಸಂಜೆ ಬೇಗ ಮುಗಿದುಹೋಗುತ್ತದೆ. ಆ ಅರ್ಧ ಗಂಟೆಯಲ್ಲಿ ಹಗಲಿನ ಮೀನುಗಳು ಸಾಲುಗಟ್ಟಿ ಬಿರುಕು ಸೇರುತ್ತವೆ, ರಾತ್ರಿಯವು ಇನ್ನೂ ಹೊರಬಂದಿರುವುದಿಲ್ಲ, ನಡುವೆ ಸ್ವಲ್ಪ ಹೊತ್ತು ದಿಬ್ಬ ಜಾತ್ರೆ ಮುಗಿದ ಬಯಲಿನಂತೆ ಬಿಕೋ ಎನ್ನುತ್ತದೆ. ಆಮೇಲೆ ದೊಡ್ಡ ಕಣ್ಣಿನ ಕೆಂಪು ಮೀನುಗಳು ಒಂದೊಂದಾಗಿ ಇಣುಕುತ್ತವೆ. ಕತ್ತಲು ಹೀಗೆ ಮೆಲ್ಲಮೆಲ್ಲನೆ ಕವಿದರೆ ಮನಸ್ಸಿಗೂ ಭಯವಾಗುವುದಿಲ್ಲ.

ಕೊನೆಯಲ್ಲಿ, ಎಲ್ಲರೂ ಒಂದೆಡೆ ಕೂಡಿ, ಒಬ್ಬರ ಕೈ ಒಬ್ಬರು ಹಿಡಿದು, ಗೈಡ್ ಒಪ್ಪಿದರೆ ಒಂದು ನಿಮಿಷ ಟಾರ್ಚುಗಳನ್ನು ಆರಿಸಿ ನೀರನ್ನು ಕಲಕಿ ನೋಡಿ.

ನಿಧಾನಿ

ಟಾರ್ಚ್ ಆರಿಸುವ ಸಲಹೆಯನ್ನು ಮೊದಲ ಸಲದವರಿಗೆ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಆರಿಸುವ ಬದಲು ಎದೆಗೆ ಒತ್ತಿ ಹಿಡಿದರೆ ಸಾಕು. ಬೆಳಕು ಮುಚ್ಚಿಹೋಗುತ್ತದೆ, ಆದರೆ ದೀಪ ಉರಿಯುತ್ತಲೇ ಇರುತ್ತದೆ.

ಉಪ್ಪುನೀರು

ಒಪ್ಪಿದೆ. ಅದೇ ಸರಿಯಾದ ಕ್ರಮ.

ಅಲೆಯಂಚು

ಐದು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ. ತಮ್ಮೆಲ್ಲರ ಮಾತನ್ನೂ ಕೇಳಿಯೇ ಹೋದೆವು, ಎರಡು ರಾತ್ರಿ ಇಳಿದೆವು.

ಮೊದಲ ರಾತ್ರಿ ಗೈಡ್ ಬೇಡವೆಂದರು. ಗಾಳಿಗೆ ನೀರು ಕದಡಿತ್ತು. ಹಾಗಾಗಿ ಇಳಿದದ್ದು ಮೂರನೆಯ ಮತ್ತು ಐದನೆಯ ಸಂಜೆ. ನಮ್ಮ ಜೊತೆ ಇನ್ನೊಂದು ದಂಪತಿ ಇದ್ದರು, ಒಟ್ಟು ನಾಲ್ವರು. ಆಮೆಗಳ ಕಾಲವಾದ್ದರಿಂದ ದಡದಲ್ಲಿ ಕೆಂಪು ದೀಪಗಳನ್ನೇ ಇಟ್ಟಿದ್ದರು, ನಾವು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ಪತಿಯ ನೀಲಿ ದೀಪ ಬಲಗಣ್ಣಿನ ಅಂಚಿನಲ್ಲಿ ಸದಾ ಕಾಣುತ್ತಿದ್ದುದರಿಂದ ಹಿಂದಿನ ಭಯ ಮರುಕಳಿಸಲಿಲ್ಲ. ಬಿಕೋ ಎನ್ನುವ ಆ ಹೊತ್ತು ನಿಜಕ್ಕೂ ಬಂತು. ಹವಳದ ತಲೆಯ ಮೇಲೆ ಅಷ್ಟು ಹೊತ್ತು ಗದ್ದಲವೆಬ್ಬಿಸಿದ್ದ ಪುಟ್ಟ ನೀಲಿ ಮೀನುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲವಾದವು.

ಗಿಳಿಮೀನು ಎರಡನೆಯ ಸಲ ಇಳಿದಾಗ ಸಿಕ್ಕಿತು. ಒಂದೂವರೆ ಆಳಿನಷ್ಟು ಕೆಳಗೆ, ಹವಳದ ಚಾಚಿನಡಿ ಒರಗಿಕೊಂಡಿತ್ತು. ಪೊರೆ ಬರಿಗಣ್ಣಿಗೆ ಕಾಣುವುದಿಲ್ಲವೆಂದುಕೊಂಡಿದ್ದೆ, ಆದರೆ ಅದರ ಮೇಲೆ ಮರಳಿನ ಕಣಗಳು ಅಂಟಿಕೊಂಡು, ಗಾಳಿಯಲ್ಲಿ ತೇಲುವ ಜೇಡರ ಬಲೆಯಂತೆ ಆಕಾರ ತಳೆದಿತ್ತು. ಒಳಗೆ ಕಣ್ಣು ತೆರೆದೇ ಇತ್ತು, ಬಾಯಿ ಮಾತ್ರ ಸಣ್ಣಗೆ ತೆರೆದು ಮುಚ್ಚುತ್ತಿತ್ತು. ಮೂರು ಉಸಿರಿನಷ್ಟು ಹೊತ್ತು ನೋಡಿ ಬೆಳಕು ತೆಗೆದೆವು.

ಟಾರ್ಚನ್ನು ಎದೆಗೊತ್ತಿಕೊಂಡಾಗ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಬೆರಳಾಡಿಸಿದರೆ ಬೆರಳಿನ ಸಂದಿಯಿಂದ ನೀಲಿ ಕಿಡಿಗಳು ಜಾರತೊಡಗಿದವು, ಪತಿಯ ಫಿನ್ನಿನ ಹಿಂದೆ ಮಸುಕಾದ ಗೆರೆಯೊಂದು ಎಳೆದುಕೊಂಡು ಹೋಯಿತು.

ಈಗ ಒಂದು ಪ್ರಶ್ನೆ ಶಂಖಪಾಣಿಯವರಿಗೆ. ಮರಳುವಾಗ ಕಪ್ಪು ಬಟ್ಟೆಯ ತುಂಡೊಂದು ನೀರಿನಲ್ಲಿ ಮಡಚಿ ಬಿಚ್ಚಿಕೊಳ್ಳುತ್ತ ತೇಲುತ್ತಿತ್ತು. ಟಾರ್ಚ್ ಬಿಟ್ಟರೆ ಕಡುಗೆಂಪು, ಅಂಚಿನಲ್ಲಿ ಬಿಳಿ ಸುಕ್ಕು, ಸುಮಾರು ಒಂದು ಗೇಣು ಉದ್ದ. ಅದೇನಿರಬಹುದು?

ಶಂಖಪಾಣಿ

ತಾವು ಅದೃಷ್ಟವಂತರು. ಅದು ಸ್ಪ್ಯಾನಿಷ್ ಡ್ಯಾನ್ಸರ್, ಚಿಪ್ಪಿಲ್ಲದ ಕಡಲ ಬಸವನಹುಳು. ಹಗಲು ಬಿರುಕಿನಲ್ಲಿ ಅಡಗಿ ರಾತ್ರಿ ಹೊರಬರುವ ಇದು ಸಾಮಾನ್ಯವಾಗಿ ತಳದಲ್ಲೇ ತೆವಳುತ್ತದೆ, ಕೆಣಕಿದಾಗ ಮೈಯಂಚನ್ನು ಬಿಚ್ಚಿ ಹೀಗೆ ಈಜುತ್ತದೆ. 40 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಕೆಂಪು ಕಾಣಬೇಕಾದರೆ ಅದರ ಮೇಲೆ ಕೆಂಪು ಬೀಳಬೇಕಲ್ಲ, ಕತ್ತಲ ನೀರಿನಲ್ಲಿ ಅದಿಲ್ಲ. ಅದಕ್ಕೇ ಟಾರ್ಚ್ ಬಿಡುವವರೆಗೆ ಕಪ್ಪಾಗಿತ್ತು. ಚಿತ್ರವೇನಾದರೂ ಇದ್ದರೆ ಹಿಂಭಾಗದ ಗರಿಯಂಥ ಕಿವಿರುಗಳ ಸುತ್ತ ಹಿಗ್ಗಿಸಿ ನೋಡಿ. ಎಂಪರರ್ ಸಿಗಡಿ ಎಂಬ ಪುಟ್ಟ ಸಿಗಡಿ ಅದರ ಮೈಮೇಲೆಯೇ ವಾಸಿಸುವುದುಂಟು, ಬಣ್ಣವೂ ಅದರಂತೆಯೇ ಇರುತ್ತದೆ.

ಅಲೆಯಂಚು

ಪತಿ ತೆಗೆದ ಚಿತ್ರಗಳು ಆರು, ಅವುಗಳಲ್ಲಿ ಐದು ಅಲುಗಿವೆ. ಆರನೆಯದನ್ನು ಈಗಷ್ಟೇ ದೊಡ್ಡದು ಮಾಡಿ ನೋಡಿದೆವು. ಕಿವಿರಿನ ಎಡಗಡೆ, ಕೆಂಪಿನ ಮೇಲೆ ಕೆಂಪಾಗಿ, ಬಿಳಿಯ ಬೆನ್ನುಪಟ್ಟಿಯೊಂದು ಕಾಣುತ್ತಿದೆ, ಅದರ ಮುಂದೆ ಎರಡು ಕಣ್ಣುಗಳಿವೆ.